ಪಿಎಚ್‌ಡಿ ಮುಗಿದ ಮೇಲೆ ಇನ್ನೇನು? ಗಣಕೀಯ ಕಣಭೌತವಿಜ್ಞಾನದ ‘ಪೋಸ್ಟ್‌ಡಾಕ್’ ಸಂಶೋಧನೆಯ ಒಂದು ಪರಿಚಯ

ಹಾಸನ ಅಥವಾ ಚಿಕ್ಕಮಗಳೂರಿನಲ್ಲಿ ಬಿಎಸ್ಸಿ ಓದಿ, ಮುಂದೆ ದೊಡ್ಡ ಸಂಸ್ಥೆಯೊಂದರಲ್ಲಿ ಭೌತವಿಜ್ಞಾನದ ಪಿಎಚ್‌ಡಿ ಮುಗಿಸಿದ ಮಗಳೋ ಮಗನೋ ‘ಪೋಸ್ಟ್‌ಡಾಕ್ ಸಿಕ್ಕಿದೆ’ ಎಂದು ಮನೆಗೆ ತಿಳಿಸಿದಾಗ ಸಂತೋಷದ ಜೊತೆಗೆ ಕೆಲವು ಪ್ರಶ್ನೆಗಳೂ ಹುಟ್ಟುತ್ತವೆ. ಇದು ಓದೋ ಉದ್ಯೋಗವೋ? ಕಾಯಂ ಆಗುತ್ತದೆಯೇ? ದಿನವಿಡೀ ಕಂಪ್ಯೂಟರ್ ಮುಂದೆ ಕೂರುವುದೇ ಆದರೆ ಬೆಂಗಳೂರಿನ ಸಾಫ್ಟ್‌ವೇರ್ ಕೆಲಸಕ್ಕೂ ಇದಕ್ಕೂ ಏನು ವ್ಯತ್ಯಾಸ? ಕಣ ಎಂದರೆ ಯಾವ ಕಣ, ಅದನ್ನು ಕಂಪ್ಯೂಟರ್‌ನಲ್ಲಿ ಹುಡುಕುವುದೆಂದರೇನು? ಹೊಸ ನೇಮಕದ ಪತ್ರಗಳು ಸಾಮಾನ್ಯವಾಗಿ ಚಳಿಗಾಲದಲ್ಲಿ ಬರುತ್ತವೆ. ಒಪ್ಪಿಕೊಳ್ಳಲು ಕೊಡುವ ಕಾಲಾವಕಾಶ ಕಡಿಮೆ. ಆ ಕೆಲವು ದಿನಗಳಲ್ಲಿ ಮನೆಯವರು ತಿಳುವಳಿಕೆಯಿಂದ ಮಾತನಾಡುವುದಕ್ಕೆ ಬೇಕಾದಷ್ಟು ಹಿನ್ನೆಲೆಯನ್ನು ಒದಗಿಸುವುದು ಈ ಲೇಖನದ ಉದ್ದೇಶ.

ಪೋಸ್ಟ್‌ಡಾಕ್ ಎಂಬುದು ಯಾವ ಹುದ್ದೆ

ಪಿಎಚ್‌ಡಿ ಪಡೆದವರು ಕಾಯಂ ಅಧ್ಯಾಪಕ ಅಥವಾ ವಿಜ್ಞಾನಿ ಹುದ್ದೆಗೆ ಹೋಗುವ ಮೊದಲು ಸಂಬಳ ಪಡೆದು ಮಾಡುವ, ಅವಧಿ ನಿಗದಿಯಾದ ಸಂಶೋಧನಾ ಕೆಲಸವನ್ನು ಪೋಸ್ಟ್‌ಡಾಕ್ ಎನ್ನುತ್ತಾರೆ. ಇದರಲ್ಲಿ ಪರೀಕ್ಷೆಯಿಲ್ಲ, ತರಗತಿಯಿಲ್ಲ, ಕೊನೆಗೆ ಸಿಗುವ ಪದವಿಯೂ ಇಲ್ಲ. ಅವಧಿ ಹೆಚ್ಚಾಗಿ ಎರಡು ಅಥವಾ ಮೂರು ವರ್ಷ. ಪಿಎಚ್‌ಡಿ ವಿದ್ಯಾರ್ಥಿ ಮಾರ್ಗದರ್ಶಕರು ತೋರಿಸಿದ ಪ್ರಶ್ನೆಯನ್ನು ಬಿಡಿಸಲು ಕಲಿಯುತ್ತಾರೆ. ಯಾವ ಪ್ರಶ್ನೆ ಕೇಳುವುದಕ್ಕೆ ಯೋಗ್ಯ, ಯಾವುದು ಈಗ ಬಿಡಿಸಲಾಗುವಂಥದ್ದು ಎಂಬುದನ್ನು ತಾವೇ ನಿರ್ಧರಿಸಲು ಕಲಿಯುವುದು ಪೋಸ್ಟ್‌ಡಾಕ್ ಅವಧಿಯಲ್ಲಿ. ಅಧ್ಯಾಪಕರನ್ನು ಆಯ್ಕೆ ಮಾಡುವ ಸಮಿತಿಗಳು ನೋಡುವುದೂ ಈ ಸ್ವತಂತ್ರ ಸಾಮರ್ಥ್ಯವನ್ನೇ. ಆದ್ದರಿಂದ ಕಣಭೌತವಿಜ್ಞಾನದಲ್ಲಿ ಒಂದಲ್ಲ, ಎರಡು ಅಥವಾ ಮೂರು ಪೋಸ್ಟ್‌ಡಾಕ್ ಮಾಡುವವರೂ ಬಹಳ ಮಂದಿ ಇದ್ದಾರೆ. ಅದನ್ನು ಸೋಲೆಂದು ಯಾರೂ ಎಣಿಸುವುದಿಲ್ಲ.

ಯಾವ ಕಣಗಳ ಮಾತು ಇದು

ಪರಮಾಣುವಿನ ನಡುವಿನ ಬೀಜದಲ್ಲಿ ಪ್ರೋಟಾನ್, ನ್ಯೂಟ್ರಾನ್‌ಗಳಿವೆ; ಅವುಗಳೊಳಗೆ ಕ್ವಾರ್ಕ್‌ಗಳಿವೆ; ಕ್ವಾರ್ಕ್‌ಗಳನ್ನು ಗ್ಲೂಆನ್‌ಗಳೆಂಬ ಕಣಗಳು ಹಿಡಿದಿಟ್ಟಿವೆ. ಆರು ಬಗೆಯ ಕ್ವಾರ್ಕ್, ಎಲೆಕ್ಟ್ರಾನ್ ಮತ್ತು ನ್ಯೂಟ್ರಿನೊಗಳನ್ನು ಒಳಗೊಂಡ ಆರು ಬಗೆಯ ಲೆಪ್ಟಾನ್, ಬಲಗಳನ್ನು ಸಾಗಿಸುವ ಕಣಗಳು ಮತ್ತು ಹಿಗ್ಸ್ ಕಣ, ಇಷ್ಟನ್ನು ಒಂದೇ ಗಣಿತದ ಚೌಕಟ್ಟಿನಲ್ಲಿ ಹೇಳುವ ಸಿದ್ಧಾಂತಕ್ಕೆ ಸ್ಟ್ಯಾಂಡರ್ಡ್ ಮಾಡೆಲ್ ಎಂದು ಹೆಸರು.

ಇವು ದೂರದ ಪ್ರಯೋಗಾಲಯಕ್ಕೆ ಮಾತ್ರ ಸೇರಿದ ಸಂಗತಿಗಳಲ್ಲ. ಎಲೆಕ್ಟ್ರಾನಿಗಿಂತ ಸುಮಾರು 207 ಪಟ್ಟು ಭಾರವಾದ ಮ್ಯುವಾನ್ ಎಂಬ ಕಣ, ಅಂತರಿಕ್ಷದಿಂದ ಬರುವ ಕಿರಣಗಳು ವಾತಾವರಣದ ಮೇಲ್ಪದರಕ್ಕೆ ಅಪ್ಪಳಿಸಿದಾಗ ಹುಟ್ಟಿ ನಮ್ಮ ಮೇಲೆ ಸದಾ ಸುರಿಯುತ್ತಿರುತ್ತದೆ. ಸಮುದ್ರಮಟ್ಟದಲ್ಲಿ ಚಾಚಿದ ಅಂಗೈಯ ಮೂಲಕ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮ್ಯುವಾನ್ ಹಾದುಹೋಗುತ್ತದೆ; ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಮೇಲೆ ನಿಂತರೆ ಅದಕ್ಕಿಂತ ಹೆಚ್ಚು. ಈ ಮ್ಯುವಾನ್ ಸುರಿಮಳೆ ತಲುಪದಷ್ಟು ಆಳದಲ್ಲಿ ಪ್ರಯೋಗ ಮಾಡಲೆಂದೇ ಭೌತವಿಜ್ಞಾನಿಗಳು ಕೋಲಾರದ ಚಿನ್ನದ ಗಣಿಗೆ ಇಳಿದಿದ್ದರು, ಮತ್ತು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಜಗತ್ತಿನಲ್ಲೇ ಮೊದಲು ಗುರುತಿಸಿದ ಪ್ರಯೋಗಗಳಲ್ಲಿ ಒಂದು 1965ರಲ್ಲಿ ಅಲ್ಲಿ ನಡೆಯಿತು. ಕನ್ನಡನಾಡಿನವರು ಹೆಮ್ಮೆಯಿಂದ ನೆನೆಯಬೇಕಾದ ಈ ಸಂಗತಿ ನಮ್ಮ ಪಠ್ಯಪುಸ್ತಕಗಳಲ್ಲಿ ಇನ್ನೂ ಹೆಚ್ಚಿನ ಜಾಗ ಪಡೆಯಬೇಕಿತ್ತು.

ಕಂಪ್ಯೂಟರ್ ಇಲ್ಲದೆ ಏಕೆ ಆಗುವುದಿಲ್ಲ

ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ಗಡಿಯಲ್ಲಿ, ಜಿನೀವಾ ನಗರದ ಬಳಿ, ಯುರೋಪಿನ ಕಣಭೌತ ಸಂಶೋಧನಾ ಸಂಸ್ಥೆಯಾದ ಸರ್ನ್‌ನ ಲಾರ್ಜ್ ಹೇಡ್ರಾನ್ ಕೊಲೈಡರ್ ಎಂಬ ಯಂತ್ರವಿದೆ. ನೆಲದಡಿಯ 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಪ್ರೋಟಾನ್‌ಗಳ ಗೊಂಚಲುಗಳನ್ನು ಬೆಳಕಿನ ವೇಗದ ಸಮೀಪಕ್ಕೆ ಓಡಿಸಿ ಎದುರುಬದುರಾಗಿ ಡಿಕ್ಕಿ ಹೊಡೆಸುತ್ತಾರೆ. ಗೊಂಚಲುಗಳು ಸೆಕೆಂಡಿಗೆ ಸುಮಾರು 4 ಕೋಟಿ ಸಲ ಪರಸ್ಪರ ಹಾದುಹೋಗಬಲ್ಲವು. ಪ್ರತಿ ಸಲವೂ ಹಲವು ಪ್ರೋಟಾನ್ ಜೋಡಿಗಳು ಘರ್ಷಿಸುತ್ತವೆ. ಅಷ್ಟನ್ನೂ ದಾಖಲಿಸುವ ಸಾಮರ್ಥ್ಯ ಯಾವ ಕಂಪ್ಯೂಟರಿಗೂ ಇಲ್ಲವಾದ್ದರಿಂದ, ಕಣ್ಣೆವೆ ಮಿಟುಕಿಸುವುದಕ್ಕಿಂತ ಬಹಳ ಬೇಗನೆ ಯಂತ್ರವೇ ನಿರ್ಧರಿಸಿ, ಪ್ರತಿ ಸೆಕೆಂಡಿಗೆ ಕೆಲವು ಸಾವಿರ ಘಟನೆಗಳನ್ನಷ್ಟೇ ಉಳಿಸಿಕೊಂಡು ಮಿಕ್ಕವನ್ನು ಶಾಶ್ವತವಾಗಿ ಕೈಬಿಡುತ್ತದೆ. ಏನನ್ನು ಇಟ್ಟುಕೊಳ್ಳಬೇಕು ಎಂಬ ನಿಯಮಗಳನ್ನು ಬರೆಯುವುದೇ ಗಣಕೀಯ ಸಂಶೋಧಕರ ಒಂದು ದೊಡ್ಡ ಹೊಣೆ, ಏಕೆಂದರೆ ಬಿಟ್ಟದ್ದು ಮತ್ತೆ ಸಿಗುವುದಿಲ್ಲ.

2012ರ ಜುಲೈ 4ರಂದು ಪ್ರಕಟವಾದ ಹಿಗ್ಸ್ ಕಣವನ್ನೇ ತೆಗೆದುಕೊಳ್ಳೋಣ. ಅದು ಸರಿಸುಮಾರು ನೂರು ಕೋಟಿ ಘರ್ಷಣೆಗಳಿಗೆ ಒಮ್ಮೆ ಹುಟ್ಟುತ್ತದೆ, ಹುಟ್ಟಿದ ಕೂಡಲೇ ಬೇರೆ ಕಣಗಳಾಗಿ ಒಡೆಯುತ್ತದೆ. ಅದನ್ನು ಗುರುತಿಸಲು ನೆರವಾದ ಮುಖ್ಯ ಕುರುಹುಗಳಲ್ಲೊಂದು ಎರಡು ಬೆಳಕಿನ ಕಣಗಳಾಗಿ ಒಡೆಯುವಿಕೆ. ಅದು ನಡೆಯುವುದು ಸಾವಿರ ಹಿಗ್ಸ್‌ಗಳಲ್ಲಿ ಎರಡರಷ್ಟು ಮಾತ್ರ. ಎರಡು ಬೆಳಕಿನ ಕಣಗಳು ಕಾಣಿಸಿಕೊಳ್ಳಲು ಹಿಗ್ಸ್ ಅಲ್ಲದೆ ಬೇರೆ ಕಾರಣಗಳೂ ಹೇರಳವಾಗಿವೆ. ಹೀಗಿರುವಾಗ ‘ಕಂಡೆವು’ ಎಂದು ಹೇಳಬೇಕಾದರೆ, ಹಿಗ್ಸ್ ಇಲ್ಲದಿದ್ದರೆ ದಾಖಲೆ ಹೇಗಿರುತ್ತಿತ್ತು, ಇದ್ದರೆ ಹೇಗಿರುತ್ತದೆ ಎಂಬ ಎರಡನ್ನೂ ಮೊದಲೇ ಲೆಕ್ಕ ಹಾಕಿಟ್ಟಿರಬೇಕು. ಆ ಲೆಕ್ಕವೇ ಗಣಕೀಯ ಕಣಭೌತವಿಜ್ಞಾನದ ತಿರುಳು.

ಕಾಫಿ ಫಸಲಿನ ಅಂದಾಜು ಮತ್ತು ಮಾಂಟೆ ಕಾರ್ಲೊ ವಿಧಾನ

ಈ ಲೆಕ್ಕದ ಹಿಂದಿರುವ ಉಪಾಯವನ್ನು ಮೂಡಿಗೆರೆ, ಸಕಲೇಶಪುರದ ಬೆಳೆಗಾರರಿಗೆ ವಿವರಿಸುವುದು ಕಷ್ಟವಲ್ಲ. ಹೂಮಳೆ ಬಿದ್ದು, ಹೂವು ಕಾಯಿಕಟ್ಟಿದ ಮೇಲೆ ಈ ವರ್ಷ ಎಷ್ಟು ಫಸಲು ಬರಬಹುದೆಂದು ಅಂದಾಜು ಮಾಡಬೇಕಾದರೆ, ತೋಟದ ಸಾವಿರಾರು ಗಿಡಗಳ ಪ್ರತಿಯೊಂದು ಕಾಯಿಯನ್ನೂ ಯಾರೂ ಎಣಿಸುವುದಿಲ್ಲ. ಅಲ್ಲೊಂದು ಇಲ್ಲೊಂದು ಗಿಡ ಆರಿಸಿ, ಅದರ ಕಾಯಿ ಎಣಿಸಿ, ಸರಾಸರಿ ತೆಗೆದು ಒಟ್ಟು ಗಿಡಗಳ ಸಂಖ್ಯೆಯಿಂದ ಗುಣಿಸುತ್ತಾರೆ. ಇಲ್ಲಿ ಎರಡು ಬಗೆಯ ತಪ್ಪು ಸಾಧ್ಯ. ಮೊದಲನೆಯದು, ಆರಿಸಿದ ಗಿಡಗಳ ಸಂಖ್ಯೆ ತೀರ ಕಡಿಮೆಯಾಗಿರುವುದು. ಇದಕ್ಕೆ ಮದ್ದು ಹೆಚ್ಚು ಗಿಡ ನೋಡುವುದು. ನಾಲ್ಕು ಪಟ್ಟು ಗಿಡ ನೋಡಿದರೆ ಈ ತಪ್ಪು ಅರ್ಧಕ್ಕೆ ಇಳಿಯುತ್ತದೆ, ನೂರು ಪಟ್ಟು ನೋಡಿದರೆ ಹತ್ತರಲ್ಲೊಂದಕ್ಕೆ. ಎರಡನೆಯದು, ನಡೆಯಲು ಸುಲಭವೆಂದು ದಾರಿಯ ಅಂಚಿನ, ಬಿಸಿಲು ಚೆನ್ನಾಗಿ ಬೀಳುವ ಗಿಡಗಳನ್ನೇ ಆರಿಸಿಕೊಳ್ಳುವುದು. ಈ ತಪ್ಪು ಎಷ್ಟು ಗಿಡ ಎಣಿಸಿದರೂ ಸರಿಹೋಗುವುದಿಲ್ಲ. ಬದಲಿಗೆ ಎಣಿಸಿದಷ್ಟೂ ತಪ್ಪು ಸಂಖ್ಯೆಯ ಮೇಲೆ ವಿಶ್ವಾಸ ಹೆಚ್ಚುತ್ತದೆ.

ಕಂಪ್ಯೂಟರಿನಲ್ಲಿ ಯಾದೃಚ್ಛಿಕ (ಚೀಟಿ ಎತ್ತಿದಂತೆ ಬರುವ) ಸಂಖ್ಯೆಗಳನ್ನು ಬಳಸಿ, ಎಣಿಸಲಾಗದಷ್ಟು ಸಾಧ್ಯತೆಗಳ ನಡುವೆ ಪಕ್ಷಪಾತವಿಲ್ಲದೆ ಕೆಲವನ್ನು ಆರಿಸಿ ಸರಾಸರಿ ತೆಗೆಯುವುದಕ್ಕೆ ಮಾಂಟೆ ಕಾರ್ಲೊ ವಿಧಾನ ಎನ್ನುತ್ತಾರೆ. ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಾ ಇಸ್ಪೀಟು ಆಡುತ್ತಿದ್ದ ಗಣಿತಜ್ಞ ಸ್ಟಾನಿಸ್ಲಾವ್ ಉಲಾಮ್‌ಗೆ 1946ರಲ್ಲಿ ಇದು ಹೊಳೆಯಿತು. ಜಾನ್ ವಾನ್ ನಾಯ್ಮನ್ ಜೊತೆ ಸೇರಿ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಅದಕ್ಕೆ ರೂಪ ಕೊಟ್ಟರು.

ಇಂದಿನ ಕಣಭೌತವಿಜ್ಞಾನದಲ್ಲಿ ಇದು ಸರಪಳಿಯಂತೆ ಸಾಗುತ್ತದೆ. ಸ್ವೀಡನ್‌ನ ಲುಂಡ್‌ನಲ್ಲಿ ಬೆಳೆದ ಪಿಥಿಯಾದಂಥ ತಂತ್ರಾಂಶವು ಸಿದ್ಧಾಂತದ ಪ್ರಕಾರ ಒಂದು ಘರ್ಷಣೆಯಿಂದ ಯಾವ ಕಣಗಳು ಹೊಮ್ಮಬಹುದೆಂದು ಒಂದೊಂದೇ ಘಟನೆಯಾಗಿ ರಚಿಸುತ್ತದೆ. ಜಿಯಾಂಟ್4 ಎಂಬ ತಂತ್ರಾಂಶ ಆ ಕಣಗಳನ್ನು ಶೋಧಕ ಯಂತ್ರದ ಕಬ್ಬಿಣ, ಸಿಲಿಕಾನ್, ಗಾಜುಗಳ ಮೂಲಕ ಹಾಯಿಸಿ, ಎಲ್ಲಿ ಎಷ್ಟು ಶಕ್ತಿ ಉಳಿಯಿತೆಂದು ಲೆಕ್ಕ ಹಾಕುತ್ತದೆ. ಕೊನೆಗೆ ಈ ಕೃತಕ ದಾಖಲೆಯನ್ನೂ ನಿಜವಾದ ದಾಖಲೆಯನ್ನೂ ಒಂದೇ ಜರಡಿಯಲ್ಲಿ ಸೋಸಿ ಹೋಲಿಸುತ್ತಾರೆ. ಜಿಯಾಂಟ್4 ಈಗ ಕ್ಯಾನ್ಸರ್ ಚಿಕಿತ್ಸೆಯ ವಿಕಿರಣ ಪ್ರಮಾಣದ ಅಧ್ಯಯನಕ್ಕೂ, ಉಪಗ್ರಹಗಳ ಎಲೆಕ್ಟ್ರಾನಿಕ್ ಭಾಗಗಳ ಮೇಲೆ ಬಾಹ್ಯಾಕಾಶದ ವಿಕಿರಣ ಮಾಡುವ ಹಾನಿಯ ಲೆಕ್ಕಕ್ಕೂ ಬಳಕೆಯಾಗುತ್ತಿದೆ. ಹಾಸನದ ಇಸ್ರೋ ಮುಖ್ಯ ನಿಯಂತ್ರಣ ಕೇಂದ್ರ ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳು ಅಂಥ ವಿಕಿರಣದ ನಡುವೆಯೇ ವರ್ಷಗಟ್ಟಲೆ ಕೆಲಸ ಮಾಡುತ್ತವೆ ಎಂಬುದನ್ನು ನೆನೆದರೆ, ಈ ವಿದ್ಯೆಗೂ ನಮ್ಮೂರಿಗೂ ನಂಟಿಲ್ಲ ಎನ್ನಲಾಗದು.

ಕಾಗದದ ಮೇಲೆ ಬಿಡಿಸಲಾಗದ ಸಮೀಕರಣ

ಗಣಕೀಯ ಕಣಭೌತವಿಜ್ಞಾನದ ಇನ್ನೊಂದು ಕವಲು ಪ್ರಯೋಗದ ದಾಖಲೆಗೆ ಕೈಹಾಕದೆ ಸಿದ್ಧಾಂತದಿಂದಲೇ ಸಂಖ್ಯೆಗಳನ್ನು ಹೊರತೆಗೆಯುತ್ತದೆ. ಪ್ರೋಟಾನ್ ಒಳಗಿರುವ ಮೂರು ಕ್ವಾರ್ಕ್‌ಗಳ ತೂಕ ಕೂಡಿಸಿದರೆ ಪ್ರೋಟಾನಿನ ತೂಕದಲ್ಲಿ ಶೇಕಡಾ ಒಂದರಷ್ಟು ಮಾತ್ರ ಸಿಗುತ್ತದೆ. ಮಿಕ್ಕದ್ದೆಲ್ಲ ಕ್ವಾರ್ಕ್ ಮತ್ತು ಗ್ಲೂಆನ್‌ಗಳ ಚಲನೆ ಹಾಗೂ ಬಂಧದ ಶಕ್ತಿ. ಹಾಗೆ ನೋಡಿದರೆ ನಮ್ಮ ದೇಹದ ತೂಕದ ಬಹುಪಾಲು ಈ ಶಕ್ತಿಯೇ. ಇದನ್ನು ವಿವರಿಸುವ ಸಮೀಕರಣ ಒಂದು ಸಾಲಿನಲ್ಲಿ ಬರೆಯುವಷ್ಟು ಚಿಕ್ಕದು; ಆದರೆ ಬಲ ಅಷ್ಟು ಪ್ರಬಲವಾದ್ದರಿಂದ ಪೆನ್ನು ಕಾಗದದಿಂದ ಅದನ್ನು ಬಿಡಿಸಲು ಯಾರಿಗೂ ಸಾಧ್ಯವಾಗಿಲ್ಲ.

1974ರಲ್ಲಿ ಅಮೆರಿಕದ ಭೌತವಿಜ್ಞಾನಿ ಕೆನೆತ್ ವಿಲ್ಸನ್ ಒಂದು ದಾರಿ ತೋರಿಸಿದರು. ದೇಶ (ವಸ್ತುಗಳಿರುವ ಅವಕಾಶ) ಮತ್ತು ಕಾಲವನ್ನು ಅಖಂಡವೆಂದು ಭಾವಿಸದೆ, ನಾಲ್ಕು ಆಯಾಮಗಳಲ್ಲಿ ಸಮಾನ ಅಂತರದ ಬಿಂದುಗಳ ಜಾಲವಾಗಿ ಊಹಿಸಿಕೊಂಡು, ಆ ಬಿಂದುಗಳ ಮೇಲೆ ಕ್ವಾರ್ಕ್‌ಗಳನ್ನೂ ಅವುಗಳ ನಡುವಿನ ಕೊಂಡಿಗಳ ಮೇಲೆ ಗ್ಲೂಆನ್‌ಗಳನ್ನೂ ಇಟ್ಟು ಲೆಕ್ಕ ಮಾಡುವ ಈ ವಿಧಾನಕ್ಕೆ ಲ್ಯಾಟಿಸ್ ಎಂಬ ಹೆಸರಿದೆ. ಒಂದೊಂದು ದಿಕ್ಕಿಗೆ 96 ಬಿಂದು, ಕಾಲದ ದಿಕ್ಕಿಗೆ 192 ಬಿಂದು ಇಟ್ಟರೂ ಒಟ್ಟು ಸುಮಾರು 17 ಕೋಟಿ ಬಿಂದುಗಳಾಗುತ್ತವೆ. ಅಷ್ಟು ಬಿಂದುಗಳಲ್ಲಿ ಸಾಧ್ಯವಿರುವ ಎಲ್ಲ ಸ್ಥಿತಿಗಳನ್ನೂ ಕೂಡಿಸುವುದು ಅಸಾಧ್ಯವಾದ್ದರಿಂದ ಇಲ್ಲಿಯೂ ಮಾಂಟೆ ಕಾರ್ಲೊ ಆಯ್ಕೆಯೇ ಗತಿ. ಬಿಂದುಗಳ ಅಂತರವನ್ನು ಅರ್ಧ ಮಾಡಿದರೆ ನಾಲ್ಕು ಆಯಾಮಗಳಲ್ಲಿ ಬಿಂದುಗಳ ಸಂಖ್ಯೆಯೇ 16 ಪಟ್ಟಾಗುತ್ತದೆ. ಲೆಕ್ಕದ ಖರ್ಚು ಅದಕ್ಕಿಂತಲೂ ಹೆಚ್ಚುತ್ತದೆ. ಸೂಪರ್‌ಕಂಪ್ಯೂಟರುಗಳು ತಿಂಗಳುಗಟ್ಟಲೆ ಓಡುವುದು ಇದಕ್ಕಾಗಿ.

ಈ ಲೆಕ್ಕಕ್ಕೆ ಎಷ್ಟು ತೂಕವಿದೆಯೆಂಬುದನ್ನು ಮ್ಯುವಾನ್ ಕಣದ ಇತ್ತೀಚಿನ ಕಥೆ ತೋರಿಸುತ್ತದೆ. ಮ್ಯುವಾನ್ ಪುಟ್ಟ ಅಯಸ್ಕಾಂತದ ಗುಣ ಹೊಂದಿದೆ. ಆ ಗುಣದ ಬಲವನ್ನು ಅಮೆರಿಕದ ಫರ್ಮಿಲ್ಯಾಬ್ ಎಂಬ ಕಣಭೌತ ಪ್ರಯೋಗಾಲಯದಲ್ಲಿ, ಸುಮಾರು 14 ಮೀಟರ್ ವ್ಯಾಸದ ಉಂಗುರದಲ್ಲಿ ಮ್ಯುವಾನ್‌ಗಳನ್ನು ಸುತ್ತಿಸಿ ಅಳೆದರು. 2021ರ ಏಪ್ರಿಲ್ 7ರಂದು ಪ್ರಕಟವಾದ ಅಳತೆ ಆಗ ಒಪ್ಪಿತವಾಗಿದ್ದ ಸೈದ್ಧಾಂತಿಕ ಸಂಖ್ಯೆಗಿಂತ ಬೇರೆಯಾಗಿತ್ತು. ಯಾವುದೋ ಅಪರಿಚಿತ ಕಣದ ಸುಳಿವು ಇದಾಗಿರಬಹುದೆಂದು ಜಗತ್ತಿನ ಪತ್ರಿಕೆಗಳು ಬರೆದವು. ಅದೇ ದಿನ ಯುರೋಪಿನ ಒಂದು ಗುಂಪು ಪ್ರಕಟಿಸಿದ ಲ್ಯಾಟಿಸ್ ಲೆಕ್ಕವು ಪ್ರಯೋಗಕ್ಕೆ ಬಹಳ ಹತ್ತಿರವಾದ ಸಂಖ್ಯೆಯನ್ನು ಕೊಟ್ಟಿತ್ತು. ಹಾಗಾದರೆ ಹಳೆಯ ಸೈದ್ಧಾಂತಿಕ ಸಂಖ್ಯೆ ತಪ್ಪೋ, ಹೊಸ ಲೆಕ್ಕ ತಪ್ಪೋ? ಬೇರೆ ಬೇರೆ ದೇಶಗಳ ಗುಂಪುಗಳು ತಮ್ಮದೇ ತಂತ್ರಾಂಶ, ತಮ್ಮದೇ ಜಾಲಗಳಿಂದ ಅದೇ ಲೆಕ್ಕದ ಭಾಗಗಳನ್ನು ಮತ್ತೆ ಮಾಡಿದವು, ಮತ್ತು ಸಂಖ್ಯೆಗಳು ಪರಸ್ಪರ ಹೊಂದಿದವು. 2025ರಲ್ಲಿ ಸಿದ್ಧಾಂತಿಗಳ ಒಕ್ಕೂಟ ಲ್ಯಾಟಿಸ್ ಲೆಕ್ಕವನ್ನು ಆಧಾರವಾಗಿ ತೆಗೆದುಕೊಂಡಿತು. ಅದೇ ಜೂನ್‌ನಲ್ಲಿ ಬಂದ ಫರ್ಮಿಲ್ಯಾಬಿನ ಅಂತಿಮ ಅಳತೆಗೂ ಅದಕ್ಕೂ ಈಗ ಗಮನಾರ್ಹ ಅಂತರವಿಲ್ಲ. ಆದರೆ ಕಥೆ ಮುಗಿದಿಲ್ಲ: ಸಿದ್ಧಾಂತದ ಅನಿಶ್ಚಿತತೆ ಅಳತೆಯ ಅನಿಶ್ಚಿತತೆಗಿಂತ ನಾಲ್ಕು ಪಟ್ಟಿಗೂ ಹೆಚ್ಚಿದೆ, ಹಳೆಯ ವಿಧಾನ ಏಕೆ ಬೇರೆ ಸಂಖ್ಯೆ ಕೊಟ್ಟಿತೆಂಬುದೂ ಪೂರ್ತಿ ತಿಳಿದಿಲ್ಲ. ಮುಂದಿನ ವರ್ಷಗಳಲ್ಲಿ ಇದರ ಮೇಲೆ ದುಡಿಯುವವರಲ್ಲಿ ಪೋಸ್ಟ್‌ಡಾಕ್‌ಗಳ ಪಾಲು ದೊಡ್ಡದಿರುತ್ತದೆ.

ದಿನನಿತ್ಯದ ಕೆಲಸ ಹೇಗಿರುತ್ತದೆ

ಸಾಫ್ಟ್‌ವೇರ್ ಕಂಪನಿಯಲ್ಲಿರುವವರಂತೆ ಇವರೂ ಲಿನಕ್ಸ್ ಯಂತ್ರದಲ್ಲಿ ಸಿ++ ಮತ್ತು ಪೈಥಾನ್‌ನಲ್ಲಿ ಕೋಡ್ ಬರೆಯುತ್ತಾರೆ, ತಪ್ಪು ಹುಡುಕುತ್ತಾರೆ, ದೂರದ ಸೂಪರ್‌ಕಂಪ್ಯೂಟರಿಗೆ ಕೆಲಸ ಕಳಿಸಿ ಫಲಿತಾಂಶಕ್ಕೆ ಕಾಯುತ್ತಾರೆ. ಸರ್ನ್‌ನ ದತ್ತಾಂಶವನ್ನು 40ಕ್ಕೂ ಹೆಚ್ಚು ದೇಶಗಳ ಸುಮಾರು 170 ಕೇಂದ್ರಗಳ ಜಾಲ ಹಂಚಿಕೊಂಡು ಸಂಸ್ಕರಿಸುತ್ತದೆ; ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ಕೋಲ್ಕತ್ತದ ವಿಇಸಿಸಿ (ವೇರಿಯಬಲ್ ಎನರ್ಜಿ ಸೈಕ್ಲೊಟ್ರಾನ್ ಸೆಂಟರ್) ಅದರಲ್ಲಿವೆ.

ವ್ಯತ್ಯಾಸ ಇರುವುದು ಕೆಲಸದ ಕೊನೆಯಲ್ಲಿ. ಕಂಪನಿಯ ತಂತ್ರಾಂಶ ಬಳಕೆದಾರರಿಗೆ ಬೇಕಾದ್ದನ್ನು ಮಾಡಿದರೆ ಸಾಕು. ಇಲ್ಲಿ ಕೋಡ್ ಒಂದು ಸಂಖ್ಯೆ ಕೊಟ್ಟ ಮೇಲೆಯೇ ನಿಜವಾದ ಕೆಲಸ ಶುರುವಾಗುತ್ತದೆ: ಈ ಸಂಖ್ಯೆ ಎಷ್ಟು ತಪ್ಪಿರಬಹುದು? ತೋಟದ ಲೆಕ್ಕದಲ್ಲಿ ನೋಡಿದ ಎರಡೂ ಬಗೆಯ ತಪ್ಪುಗಳನ್ನು ಬೇರೆ ಬೇರೆಯಾಗಿ ಅಳೆದು ಸಂಖ್ಯೆಯ ಪಕ್ಕದಲ್ಲಿ ಬರೆಯಬೇಕು. ಎರಡನೆಯ ಬಗೆಯ ತಪ್ಪನ್ನು ಅಳೆಯಲು ಸಿದ್ಧಸೂತ್ರವಿಲ್ಲ. ಜಾಲದ ಅಂತರ ಬದಲಿಸಿ, ತಂತ್ರಾಂಶ ಬದಲಿಸಿ, ಊಹೆಗಳನ್ನು ಒಂದೊಂದಾಗಿ ಬಿಟ್ಟುನೋಡಿ, ಸಂಖ್ಯೆ ಎಷ್ಟು ಅಲುಗಾಡುತ್ತದೆಂದು ಪರೀಕ್ಷಿಸಬೇಕು. ಒಂದು ಲೇಖನದ ಹಿಂದಿನ ದುಡಿಮೆಯ ಬಹುಪಾಲು ಇದೇ ಆಗಿರುತ್ತದೆ. ಹೊಸ ಕಣ ಕಂಡಿತೆಂದು ಹೇಳಲು ಈ ಕ್ಷೇತ್ರ ಇಟ್ಟುಕೊಂಡಿರುವ ಮಟ್ಟವೂ ಕಠಿಣ: ಬರಿಯ ಆಕಸ್ಮಿಕದಿಂದ ಅಂಥ ಫಲಿತಾಂಶ ಬರುವ ಸಾಧ್ಯತೆ ಸುಮಾರು 35 ಲಕ್ಷಕ್ಕೆ ಒಂದಕ್ಕಿಂತ ಕಡಿಮೆ ಇರಬೇಕು.

ತಾವು ಬಯಸಿದ ಉತ್ತರದ ಕಡೆಗೆ ಕೈ ವಾಲದಿರಲೆಂದು ಉತ್ತರವನ್ನೇ ತಮ್ಮಿಂದ ಮರೆಮಾಡಿಕೊಳ್ಳುವ ಪದ್ಧತಿಯೂ ಇದೆ. ಫರ್ಮಿಲ್ಯಾಬಿನ ಮ್ಯುವಾನ್ ಪ್ರಯೋಗದಲ್ಲಿ ಅಳತೆಗೆ ಬಳಸಿದ ಗಡಿಯಾರದ ನಿಖರ ಆವರ್ತನವನ್ನು ಗುಂಪಿನ ಹೊರಗಿನವರು ಗುಟ್ಟಾಗಿಟ್ಟಿದ್ದರು; ವಿಶ್ಲೇಷಣೆ ಪೂರ್ತಿಯಾಗುವವರೆಗೂ ಅದನ್ನು ಮಾಡುತ್ತಿದ್ದವರಿಗೇ ಅಂತಿಮ ಸಂಖ್ಯೆ ಗೊತ್ತಿರಲಿಲ್ಲ. ಈ ಶಿಸ್ತು ಕಣಭೌತವಿಜ್ಞಾನ ಬೇರೆ ಕ್ಷೇತ್ರಗಳಿಗೆ ಕೊಡಬಹುದಾದ ಅತ್ಯುತ್ತಮ ಕಾಣಿಕೆಯೆಂದು ಈ ಲೇಖಕನ ನಂಬಿಕೆ.

ಮನೆಯವರು ಗಮನಿಸಬೇಕಾದ ಇನ್ನೊಂದು ವಿಷಯ: ಈ ಕ್ಷೇತ್ರದ ಲೇಖನಗಳಲ್ಲಿ ಹೆಸರುಗಳು ಸಾಮಾನ್ಯವಾಗಿ ಅಕ್ಷರಾನುಕ್ರಮದಲ್ಲಿರುತ್ತವೆ, ಸರ್ನ್‌ನ ದೊಡ್ಡ ಪ್ರಯೋಗಗಳಲ್ಲಿ ಲೇಖಕರೇ ಎರಡು ಮೂರು ಸಾವಿರ. ಮಗಳ ಹೆಸರು ನಡುವೆಲ್ಲೋ ಇದೆಯೆಂದರೆ ಅವಳ ಪಾಲು ಸಣ್ಣದೆಂದು ಅರ್ಥವಲ್ಲ.

ಸಂಬಳ, ಅವಧಿ ಮತ್ತು ಮುಂದಿನ ದಾರಿ

ಅರ್ಜಿಗೆ ಪ್ರಕಟಿತ ಲೇಖನಗಳ ಪಟ್ಟಿ, ಮುಂದೆ ಮಾಡಬೇಕೆಂದಿರುವ ಸಂಶೋಧನೆಯ ವಿವರಣೆ ಮತ್ತು ಸಾಮಾನ್ಯವಾಗಿ ಮೂವರು ಹಿರಿಯರ ಶಿಫಾರಸು ಪತ್ರಗಳು ಬೇಕು. ಭಾರತದಲ್ಲಿ ಈ ಹಂತದವರನ್ನು ರಿಸರ್ಚ್ ಅಸೋಸಿಯೇಟ್ ಎಂದು ನೇಮಿಸುವ ಕಡೆ, 2023ರಲ್ಲಿ ಪರಿಷ್ಕೃತವಾದ ಕೇಂದ್ರದ ದರದಂತೆ ತಿಂಗಳಿಗೆ 58,000ದಿಂದ 67,000 ರೂಪಾಯಿ ಮತ್ತು ಮನೆಬಾಡಿಗೆ ಭತ್ಯೆ ಇದೆ. ಸಂಸ್ಥೆಯ ಸ್ವಂತ ಯೋಜನೆಗಳಲ್ಲಿ ದರ ಬೇರೆಯಿರಬಹುದು. ಹೊರದೇಶದಲ್ಲಿ ಸಂಬಳ ಹೆಚ್ಚು, ಜೀವನದ ಖರ್ಚೂ ಹೆಚ್ಚು.

ಕಾಯಂ ಹುದ್ದೆ ಖಚಿತವಲ್ಲ ಎಂಬುದನ್ನು ಮುಚ್ಚಿಡಬಾರದು. ಜಗತ್ತಿನಲ್ಲೆಲ್ಲ ಅಧ್ಯಾಪಕ ಹುದ್ದೆಗಳಿಗಿಂತ ಪೋಸ್ಟ್‌ಡಾಕ್‌ಗಳು ಹೆಚ್ಚು, ಮತ್ತು ಎರಡು ಮೂರು ವರ್ಷಕ್ಕೊಮ್ಮೆ ದೇಶ ಬದಲಿಸುತ್ತಾ ಮದುವೆ, ಮಕ್ಕಳು, ವಯಸ್ಸಾದ ತಂದೆತಾಯಿಯರ ಆರೈಕೆಯನ್ನು ಹೊಂದಿಸಿಕೊಳ್ಳುವುದು ಸುಲಭವಲ್ಲ. ಹೆಣ್ಣುಮಕ್ಕಳಿಗೆ ಈ ಹೊರೆ ಇನ್ನೂ ಭಾರ. ಇದರ ಇನ್ನೊಂದು ಮಗ್ಗುಲೆಂದರೆ, ಕ್ಷೇತ್ರ ಬಿಟ್ಟವರು ಬರಿಗೈಲಿ ಹೋಗುವುದಿಲ್ಲ. ದೊಡ್ಡ ದತ್ತಾಂಶ, ಯಂತ್ರಕಲಿಕೆ, ಸಮಾಂತರ ಗಣನೆಯ ಅನುಭವ ಬ್ಯಾಂಕಿಂಗ್, ಹವಾಮಾನ ಮುನ್ಸೂಚನೆ, ವೈದ್ಯಕೀಯ ಚಿತ್ರಣಗಳಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಕೆಲಸದ ಬೇಡಿಕೆಯೂ ಹೆಚ್ಚುವ ಕಾಲವಿದು. ಕೊಲೈಡರ್ ಯಂತ್ರವನ್ನು 2026ರ ಮಧ್ಯದಿಂದ ಸುಮಾರು ನಾಲ್ಕು ವರ್ಷ ನಿಲ್ಲಿಸಿ ಉನ್ನತೀಕರಿಸುವ ಯೋಜನೆಯಿದೆ. ಮರಳಿ ಓಡಿದಾಗ ಗೊಂಚಲುಗಳು ಒಮ್ಮೆ ಹಾದುಹೋಗುವಾಗ 200ರವರೆಗೆ ಘರ್ಷಣೆಗಳು ಒಂದರ ಮೇಲೊಂದು ಕಲಸಿಕೊಂಡು ಬರಬಹುದು. ಅವನ್ನು ಬಿಡಿಸುವ ತಂತ್ರಾಂಶವನ್ನು ಯಂತ್ರ ನಿಂತಿರುವ ಈ ವರ್ಷಗಳಲ್ಲೇ ಬರೆದು ಮುಗಿಸಬೇಕು.

ಇಲ್ಲಿಂದ ಶುರು ಮಾಡುವವರಿಗೆ

ಹಾಸನ, ಚಿಕ್ಕಮಗಳೂರಿನ ಬಿಎಸ್ಸಿ ವಿದ್ಯಾರ್ಥಿಗೆ ದಾರಿ ಹೀಗಿದೆ: ಎಂಎಸ್ಸಿ ಅಥವಾ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಜಾಮ್ ಪರೀಕ್ಷೆ, ಪಿಎಚ್‌ಡಿಗೆ ಜೆಸ್ಟ್, ಗೇಟ್ ಅಥವಾ ನೆಟ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಐಸಿಟಿಎಸ್ (ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರ), ಚೆನ್ನೈನ ಗಣಿತ ವಿಜ್ಞಾನಗಳ ಸಂಸ್ಥೆ, ಮುಂಬೈನ ಟಾಟಾ ಸಂಸ್ಥೆಗಳಲ್ಲಿ ಕಣಭೌತವಿಜ್ಞಾನದ ಗುಂಪುಗಳಿವೆ. ಭಾರತ 2017ರಲ್ಲಿ ಸರ್ನ್‌ನ ಸಹಸದಸ್ಯ ರಾಷ್ಟ್ರವಾದ ಮೇಲೆ ಅಲ್ಲಿನ ಹಲವು ಹುದ್ದೆಗಳಿಗೆ ಭಾರತೀಯರು ಅರ್ಜಿ ಹಾಕಲು ಅರ್ಹರಾಗಿದ್ದಾರೆ.

ಇದು ತನಗೆ ಒಗ್ಗುವ ಕೆಲಸವೇ ಎಂದು ಪರೀಕ್ಷಿಸಿಕೊಳ್ಳಲು ಪಿಎಚ್‌ಡಿವರೆಗೆ ಕಾಯಬೇಕಾಗಿಲ್ಲ. ಸರ್ನ್ 2014ರಿಂದ ತನ್ನ ಪ್ರಯೋಗಗಳ ನಿಜವಾದ ದತ್ತಾಂಶವನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. ಸಾಧಾರಣ ಲ್ಯಾಪ್‌ಟಾಪ್ ಮತ್ತು ಪೈಥಾನ್ ಇದ್ದರೆ, ಕೊಲೈಡರಿನ ಸಿಎಂಎಸ್ ಎಂಬ ಪ್ರಯೋಗದಲ್ಲಿ ದಾಖಲಾದ ಮ್ಯುವಾನ್ ಜೋಡಿಗಳ ಕಡತವನ್ನು ಇಳಿಸಿಕೊಂಡು, ಪ್ರತಿ ಜೋಡಿಯ ಶಕ್ತಿ ಮತ್ತು ಸಂವೇಗದಿಂದ ಅದು ಯಾವ ತೂಕದ ಕಣ ಒಡೆದು ಬಂದದ್ದೆಂದು ಲೆಕ್ಕ ಹಾಕಿ, ನಕ್ಷೆ ಬಿಡಿಸಬಹುದು. ಪ್ರೋಟಾನಿನ ತೂಕ ಸುಮಾರು 0.94 ಆಗುವ ಮಾನದಲ್ಲಿ 3.1ರ ಬಳಿ ಒಂದು ಚೂಪು ಶಿಖರ, 91ರ ಬಳಿ ಇನ್ನೊಂದು ಅಗಲವಾದ ಶಿಖರ ಮೂಡುತ್ತವೆ. ಮೊದಲನೆಯದು 1974ರಲ್ಲಿ ಪತ್ತೆಯಾದ ಜೆ/ಸೈ ಕಣ, ಎರಡನೆಯದು 1983ರಲ್ಲಿ ಸರ್ನ್‌ನಲ್ಲೇ ಪತ್ತೆಯಾದ ಝಡ್ ಕಣ. ಆ ಶಿಖರಗಳ ಸ್ಥಾನವನ್ನು ಓದಿ, ಆಯ್ಕೆಯ ನಿಯಮಗಳನ್ನು ಸ್ವಲ್ಪ ಬದಲಿಸಿದಾಗ ಅದು ಎಷ್ಟು ಸರಿಯುತ್ತದೆಂದು ಕೋಷ್ಟಕ ಮಾಡುವುದು ಪದವಿ ವಿದ್ಯಾರ್ಥಿಯೊಬ್ಬರು ರಜೆಯಲ್ಲಿ ಮಾಡಿ ಮುಗಿಸಬಹುದಾದ ಕೆಲಸ.